ವ್ಯಾನ್ ಕೊಳ್ಳುವ ಮೊದಲು ರಾತ್ರಿಗಳನ್ನು ಎಣಿಸಿ

ಪ್ರಶ್ನೆ: ನಮಸ್ಕಾರ ಸರ್. ನಾವಿರುವುದು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಹತ್ತಿರ. ನಾನು ಹೈಸ್ಕೂಲ್ ಟೀಚರ್. ನಮ್ಮನೆಯವರು ನಾಲ್ಕು ಎಕರೆ ಕಾಫಿ ತೋಟ ನೋಡಿಕೊಳ್ಳುತ್ತಾರೆ. ಮಗನಿಗೆ 11, ಮಗಳಿಗೆ 7. ಜೊತೆಗೆ 68 ವರ್ಷದ ಅತ್ತೆ, ಅವರಿಗೆ ಮಂಡಿ ನೋವು. ಮನೆಯಲ್ಲಿ ಒಂದು ಬೊಲೆರೊ ಇದೆ. ಕಾಫಿಗೆ ಒಳ್ಳೆ ರೇಟು ಬಂದಿದ್ದರಿಂದ ಕೈಯಲ್ಲಿ ಸ್ವಲ್ಪ ದುಡ್ಡಿದೆ. ಬೆಂಗಳೂರಿನಲ್ಲಿ ಒಬ್ಬರು 2019ರ ಟೆಂಪೊ ಟ್ರಾವೆಲರನ್ನು ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಕ್ಯಾಂಪರ್ ವ್ಯಾನ್ ಮಾಡಿಸಿಕೊಂಡಿದ್ದಾರೆ, 14 ಲಕ್ಷಕ್ಕೆ ಕೊಡುತ್ತಾರಂತೆ. ಭಾನುವಾರದೊಳಗೆ 50,000 ಅಡ್ವಾನ್ಸ್ ಕೇಳುತ್ತಿದ್ದಾರೆ. ಬಾಡಿಗೆಗೆ ವಿಚಾರಿಸಿದರೆ ದಿನಕ್ಕೆ 8,000, ಡೀಸೆಲ್ ನಮ್ಮದೇ. ಕೊಳ್ಳೋಣ ಅಂತ ಅವರು, ಬಾಡಿಗೆ ಸಾಕು ಅಂತ ನಾನು. ನೀವೇ ಹೇಳಿ.

ಉತ್ತರ: ನಮಸ್ಕಾರ. ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಹನ್ನೊಂದು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ಜಗಳ ನಡೆದಿತ್ತು. ಕೊಳ್ಳೋಣ ಅಂದವನು ನಾನು. ಗೆದ್ದವನೂ ನಾನೇ. ಮೂರು ಮಳೆಗಾಲ ಕಳೆದ ಮೇಲೆ ಆ ಗಾಡಿಯನ್ನು ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆಗೆ ಕೊಟ್ಟು ಕೈ ತೊಳೆದುಕೊಂಡೆ. ನಾನು ಹಾಸನದಲ್ಲಿ ಮೋಟಾರು ವಿಮೆ ಸರ್ವೇಯರ್. ಗುದ್ದಿದ, ಸುಟ್ಟ, ನೀರಲ್ಲಿ ನಿಂತ ಗಾಡಿಗಳನ್ನು ನೋಡಿ ನಷ್ಟದ ಲೆಕ್ಕ ಹಾಕುವುದೇ ದಿನದ ಕೆಲಸ. ಊರವರ ಗಾಡಿಗೆಲ್ಲ ಲೆಕ್ಕ ಹಾಕುವವನು ನನ್ನ ಗಾಡಿಗೆ ಮಾತ್ರ ಹಾಕಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಆ ಗಾಡಿ ಈಗ ಬೇಡ. ಆದರೆ ನಿಮ್ಮನೆಯವರ ಮಾತಿನಲ್ಲೂ ಹುರುಳಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ವರ್ಷದಲ್ಲಿ ಎಷ್ಟು ರಾತ್ರಿ ಆ ವ್ಯಾನಿನಲ್ಲಿ ಮಲಗುತ್ತೀರಿ? ಇಡೀ ಪ್ರಶ್ನೆ ಇರುವುದು ಇಲ್ಲೇ. ಕ್ಯಾಲೆಂಡರ್ ತೆಗೆದುಕೊಂಡು ಇಬ್ಬರೂ ಕೂತು ಎಣಿಸಿ. ನಿಮ್ಮದು ಶಾಲೆಯ ನೌಕರಿ, ಹಾಗಾಗಿ ದಸರಾ ರಜೆ ಮತ್ತು ಏಪ್ರಿಲ್–ಮೇ ಸಿಗುತ್ತದೆ. ನಿಮ್ಮನೆಯವರದು ಕಾಫಿ. ಆಲ್ದೂರು ಕಡೆ ಅರೇಬಿಕಾ ಅಂದರೆ ನವೆಂಬರಿನಿಂದ ಜನವರಿವರೆಗೆ ಹಣ್ಣು ಕುಯ್ಯುವುದು, ಪಲ್ಪರಿನಲ್ಲಿ ಸಿಪ್ಪೆ ಬಿಡಿಸುವುದು, ಕಣ, ಆಳು. ಆಗ ಅವರು ಊರು ಬಿಟ್ಟು ಕದಲುವುದಿಲ್ಲ. ರೊಬಸ್ಟಾ ಕೂಡ ಇದ್ದರೆ ಇನ್ನೂ ಮುಂದಕ್ಕೆ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಹೂವಿನ ಮಳೆ ಬಿದ್ದ ಮೇಲೆ ಗೊಬ್ಬರ, ಕಸಿ (ಗಿಡ ಸವರುವುದು), ನೆರಳು ತೆಗೆಸುವುದು ಇದ್ದೇ ಇದೆ. ಹಾಗಾಗಿ ಬೇಸಿಗೆಯಲ್ಲಿ 10 ದಿನ, ದಸರೆಯಲ್ಲಿ 5 ದಿನ ಅಂತ ನಾನು ಹಾಕುತ್ತೇನೆ. ಮಧ್ಯೆ ಮೂರು ವಾರಾಂತ್ಯ ಸೇರಿಸಿದರೆ ಇನ್ನೊಂದು 6 ದಿನ. ಒಟ್ಟು 21. ಇದೂ ಸ್ವಲ್ಪ ಧಾರಾಳದ ಲೆಕ್ಕವೇ. ಮನೆಯಲ್ಲಿ ಮದುವೆ, ತಿಥಿ, ಮಕ್ಕಳಿಗೆ ಜ್ವರ ಅಂತ ಬಂದರೆ ಇದರಲ್ಲೇ ಕಳೆಯಬೇಕು.

ಈಗ ದುಡ್ಡು. 14 ಲಕ್ಷಕ್ಕೆ ಕೊಂಡು ಐದು ವರ್ಷ ಇಟ್ಟುಕೊಂಡು 7 ಲಕ್ಷಕ್ಕೆ ಮಾರಿದಿರಿ ಅಂತಿಟ್ಟುಕೊಳ್ಳಿ. ಆಗಲೇ ಹಳೆಯ ಗಾಡಿ ಅದು, ಅಷ್ಟು ಬಂದರೆ ಪುಣ್ಯ. ವರ್ಷಕ್ಕೆ 1,40,000 ಅಲ್ಲೇ ಹೋಯಿತು. ಅಷ್ಟು ದುಡ್ಡು ಬ್ಯಾಂಕಿನಲ್ಲಿದ್ದಿದ್ದರೆ 7 ಪರ್ಸೆಂಟ್ ಬಡ್ಡಿ ಅಂದರೂ, ಇಳಿಯುತ್ತಾ ಬರುವ ಬೆಲೆಯ ಮೇಲೆ ಸರಾಸರಿ 73,500. ವಿಮೆಗೆ 30,000 ಇಡೋಣ. ಸರ್ವೀಸ್, ಟೈರು, ಒಳಗಿನ ಬ್ಯಾಟರಿ, ಪಂಪು, ಸಣ್ಣಪುಟ್ಟ ರಿಪೇರಿಗೆ 40,000. ಕೂಡಿದರೆ ವರ್ಷಕ್ಕೆ 2,83,500. ಗಾಡಿ ಒಂದು ಕಿಲೋಮೀಟರ್ ಓಡದೆ ಶೆಡ್ಡಿನಲ್ಲೇ ನಿಂತರೂ ಇದರಲ್ಲಿ ಹೆಚ್ಚು ಕಡಿಮೆಯಾಗುವುದು ಅಷ್ಟಕ್ಕಷ್ಟೆ. ದಿನಕ್ಕೆ 8,000 ಬಾಡಿಗೆಯಿಂದ ಭಾಗಿಸಿ. 35 ದಿನಕ್ಕಿಂತ ಜಾಸ್ತಿ ಓಡಾಡಿದರೆ ಮಾತ್ರ ಕೊಳ್ಳುವುದು ಗಿಟ್ಟುತ್ತದೆ. ನಿಮ್ಮದು 21.

ಇಲ್ಲಿ ಇನ್ನೊಂದು ಮಾತು ಹೇಳದಿದ್ದರೆ ನಾನು ಅರ್ಧ ಸತ್ಯ ಹೇಳಿದ ಹಾಗೆ. ನಿಮ್ಮ ಬೊಲೆರೊದಲ್ಲೇ ಹೋಗಿ ಎರಡು ರೂಮು ಮಾಡಿದರೆ, ರೂಮಿಗೆ 2,500 ಅಂದರೂ ರಾತ್ರಿಗೆ 5,000. ವ್ಯಾನಿನ ಬಾಡಿಗೆಗಿಂತ ಅಗ್ಗ, ಬಿಸಿನೀರೂ ಸಿಗುತ್ತದೆ. ಕ್ಯಾಂಪರ್ ವ್ಯಾನಿನಲ್ಲಿ ಖರ್ಚು ಉಳಿಯುತ್ತದೆ ಅನ್ನುವುದು ನಮ್ಮ ದೇಶದಲ್ಲಿ ಬಹುತೇಕ ಸುಳ್ಳು. ಅದು ಖುಷಿಗೆ ಮಾಡುವ ಖರ್ಚು. ಖುಷಿಗೆ ಅಂತ ಒಪ್ಪಿಕೊಂಡು ಮಾಡಿ, ಉಳಿತಾಯ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಡಿ. ನಾನು ಹಾಗೆ ಹೇಳಿಯೇ ಮನೆಯವರನ್ನು ಒಪ್ಪಿಸಿದ್ದು. ಇವತ್ತಿಗೂ ಮಾತು ಕೇಳುತ್ತಿದ್ದೇನೆ.

ಇನ್ನು ನಿಮ್ಮನೆಯವರ ಕಡೆಯ ಮಾತು. ಬಾಡಿಗೆ ಗಾಡಿ ಇರುವುದು ಬೆಂಗಳೂರಿನಲ್ಲಿ. ಅಲ್ಲಿಂದ ಚಿಕ್ಕಮಗಳೂರಿಗೆ ಹೆಚ್ಚು ಕಡಿಮೆ 245 ಕಿ.ಮೀ., ಅಲ್ಲಿಂದ ಮುಂದೆ ಆಲ್ದೂರು. ತರಲು ಒಂದು ದಿನ, ಬಿಡಲು ಒಂದು ದಿನ, ಎರಡು ದಿನಕ್ಕೂ ಬಾಡಿಗೆ. ಶನಿವಾರ, ಭಾನುವಾರದ ಸುತ್ತಾಟಕ್ಕೆ ಇದು ಆಗದ ಮಾತು. ಸ್ವಂತ ಗಾಡಿಯಾದರೆ ಶುಕ್ರವಾರ ಸಂಜೆ ರೊಟ್ಟಿ ಕಟ್ಟಿಕೊಂಡು ಹೊರಡಬಹುದು. ಅವರು ಕೊಳ್ಳೋಣ ಅನ್ನುವುದು ಇದೇ ಆಸೆಗೆ ಅಂತ ನನ್ನ ಊಹೆ.

ಆಸೆ ಸರಿ, ಆದರೆ ಹೋಗಿ ನಿಲ್ಲಿಸುವುದೆಲ್ಲಿ? ನಮ್ಮ ಎರಡು ಜಿಲ್ಲೆಗಳಲ್ಲಿ ಚೆಂದದ ಜಾಗ ಅಂದರೆ ಒಂದೋ ಕಾಡು, ಇಲ್ಲವೇ ಯಾರದೋ ತೋಟ, ಇಲ್ಲವೇ ಗೋಮಾಳ. ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿ ಇಲ್ಲದೆ ರಾತ್ರಿ ಉಳಿಯುವ ಹಾಗಿಲ್ಲ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಗೆ ಗಾಡಿಗಳ ಸಂಖ್ಯೆಗೇ ಮಿತಿ ಬಂದಿದೆ, ಮೊದಲೇ ಆನ್‌ಲೈನ್‌ನಲ್ಲಿ ನೋಂದಾಯಿಸಬೇಕು. ಆ ರಸ್ತೆಯ ತಿರುವುಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎದುರಿಗೆ ಜೀಪು ಬಂದರೆ ಟ್ರಾವೆಲರ್ ಉದ್ದದ ಗಾಡಿಯನ್ನು ರಿವರ್ಸ್ ತೆಗೆಯುವಾಗ ಬೆವರು ಇಳಿಯುತ್ತದೆ. ಚಾರ್ಮಾಡಿ, ಶಿರಾಡಿಯಲ್ಲಿ ಮಳೆಗಾಲಕ್ಕೆ ಗುಡ್ಡ ಕುಸಿದರೆ ಸಂಚಾರಕ್ಕೆ ನಿರ್ಬಂಧ.

ಎಲ್ಲಕ್ಕಿಂತ ದೊಡ್ಡ ವಿಷಯ ಆನೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ, ನಿಮ್ಮ ಆಲ್ದೂರು, ಎಲ್ಲ ಕಡೆ ಅವುಗಳ ಓಡಾಟ. ಬೀಟಮ್ಮ ಅನ್ನುವ ಹೆಣ್ಣಾನೆಯ ಗುಂಪು ಎಲ್ಲಿದೆ ಅಂತ ಫೋನ್ ನೋಡಿ ತೋಟಕ್ಕೆ ಹೋಗುವ ಕಾಲ ಇದು. ವ್ಯಾನಿನೊಳಗೆ ಹಲಸಿನ ಹಣ್ಣು, ಬಾಳೆಗೊನೆ ಇಟ್ಟುಕೊಂಡು ತೋಟದ ಅಂಚಿನಲ್ಲಿ ಮಲಗುವುದು ಅಂದರೆ ಅವಕ್ಕೆ ಊಟಕ್ಕೆ ಕರೆದ ಹಾಗೆ. ತಗಡಿನ ಬಾಡಿ ಅವಕ್ಕೆ ಒಂದು ಲೆಕ್ಕವಾ? ಅಲ್ಲದೆ, ಮಲೆನಾಡಿನಲ್ಲೇ ಇರುವವರು ಶನಿವಾರ ಮಲೆನಾಡಿನಲ್ಲೇ ಇನ್ನೊಂದು ಕಡೆ ಹೋಗಿ ಮಲಗುವುದು ಎಷ್ಟು ಸಲ? ಎರಡು ಸಲ ಆದ ಮೇಲೆ ಮಕ್ಕಳೇ ಬೇಡ ಅಂತಾರೆ. ನಮ್ಮ ಮಕ್ಕಳು ಅಂದರು. ನಮ್ಮ ಕಡೆಯವರಿಗೆ ಈ ಗಾಡಿ ಬೇಕಾಗುವುದು ಹಂಪಿ, ಗೋಕರ್ಣ, ರಾಮೇಶ್ವರ, ಕನ್ಯಾಕುಮಾರಿ ಅಂತ ದೂರ ಹೋಗಲು. ಕೇರಳದಲ್ಲಿ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಸರ್ಕಾರ ನೀತಿ ತಂದು, ಗಾಡಿ ನಿಲ್ಲಿಸುವ ಪಾರ್ಕುಗಳ ಮಾತು ಶುರುವಾಯಿತು. ಅಂಥ ದೂರದ ಪ್ರವಾಸ ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು. ಅದಕ್ಕೆ ಬಾಡಿಗೆ ಸರಿಹೊಂದುತ್ತದೆ.

ಇನ್ನು ಉಳಿದ 340 ದಿನ. ಆಗ ಗಾಡಿಗೆ ಏನಾಗುತ್ತದೆ ಅಂತ ಮಾರುವವರು ಹೇಳುವುದಿಲ್ಲ. ಬಯಲುಸೀಮೆಯಲ್ಲಿ ಗಾಡಿ ನಿಂತರೆ ಬರೀ ಧೂಳು ಹಿಡಿಯುತ್ತದೆ. ಮಲೆನಾಡಿನಲ್ಲಿ ನಿಂತ ಗಾಡಿ ಕೊಳೆಯುತ್ತದೆ. ಮನೆಯೊಳಗೆ ಕಟ್ಟಿಗೆ ಒಲೆ ಉರಿಯುತ್ತಿದ್ದರೂ ಬೀರುವಿನಲ್ಲಿಟ್ಟ ಚಪ್ಪಲಿಗೆ ಆಷಾಢದಲ್ಲಿ ಬೂಷ್ಟು ಬರುತ್ತದೆ ಅಲ್ವಾ? ಮುಚ್ಚಿಟ್ಟ ವ್ಯಾನಿನೊಳಗಿನ ಹಾಸಿಗೆ, ಪರದೆ, ಪ್ಲೈವುಡ್ ಗತಿ ಏನು? ನನ್ನ ಗಾಡಿಗೆ ಒಳ್ಳೆ ಶೀಟಿನ ಶೆಡ್ ಹಾಕಿಸಿದ್ದೆ. ಎರಡನೇ ವರ್ಷ ಆಗಸ್ಟಿನಲ್ಲಿ ಬಾಗಿಲು ತೆಗೆದರೆ ಹಾಸಿಗೆಯ ತಳ ಪೂರ್ತಿ ಹಸಿರು. ಮೇಲಿನ ಗಾಳಿಕಿಂಡಿಯ ರಬ್ಬರ್ ಬಿರಿದು ನೀರು ಇಳಿದು ಬೀರುವಿನ ಪ್ಲೈವುಡ್ ಪೂರಿಯ ಹಾಗೆ ಉಬ್ಬಿತ್ತು. ಮಾರನೇ ವರ್ಷ ಇಲಿ. ಕತ್ತಲು, ಬೆಚ್ಚಗಿನ ಹಾಸಿಗೆ, ಸೀಟಿನ ಸ್ಪಂಜು, ಇನ್ನೇನು ಬೇಕು ಅದಕ್ಕೆ? ಮರಿ ಹಾಕಿ ಸಂಸಾರ ಹೂಡಿತ್ತು. ನೀರಿನ ಪಂಪಿಗೆ ಹೋಗುವ ವೈರನ್ನೂ ಕಡಿದಿತ್ತು. ನನ್ನ ಗಾಡಿಯಲ್ಲಿ ನನಗಿಂತ ಜಾಸ್ತಿ ರಾತ್ರಿ ಕಳೆದದ್ದು ಆ ಇಲಿಯೇ.

ಬ್ಯಾಟರಿಯದೂ ಇದೇ ಕಥೆ. ಲೆಡ್ ಆಸಿಡ್ ಬ್ಯಾಟರಿಯನ್ನು ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟಿನ ಪದರ ಗಟ್ಟಿಯಾಗಿ ಅದು ಸಾಯುತ್ತದೆ. ಸೋಲಾರ್ ಇದೆಯಲ್ಲ ಅನ್ನಬಹುದು. ಶೆಡ್ಡಿನ ಒಳಗೆ ನಿಲ್ಲಿಸಿದರೆ ಬಿಸಿಲಿಲ್ಲ, ಹೊರಗೆ ನಿಲ್ಲಿಸಿದರೆ ಮಳೆ. ಜುಲೈ ತಿಂಗಳಲ್ಲಿ ನಿಮ್ಮೂರಲ್ಲಿ ಸೂರ್ಯ ಎಷ್ಟು ಗಂಟೆ ಕಾಣುತ್ತಾನೆ ಅಂತ ನಿಮಗೇ ಗೊತ್ತು. ಟೈರುಗಳು ಓಡದೆಯೂ ಹಳೆಯದಾಗುತ್ತವೆ. ಐದಾರು ವರ್ಷಕ್ಕೆ ಮೇಲ್ಮೈ ಸವೆಯದಿದ್ದರೂ ಬದಿಯಲ್ಲಿ ಬಿರುಕು ಬರುತ್ತದೆ. ಘಾಟಿ ಇಳಿಯುವವರು ಅಂಥ ಟೈರು ನಂಬಬಾರದು.

ಈಗ ಆ 2019ರ ಗಾಡಿಯ ಕಾಗದಪತ್ರ. ನನ್ನ ಕೆಲಸದ ಕಣ್ಣಿಗೆ ಮೊದಲು ಬಿದ್ದದ್ದು ‘ಮಾಡಿಸಿಕೊಂಡಿದ್ದಾರೆ’ ಅನ್ನುವ ಒಂದು ಪದ. ಯಾರ ಹತ್ತಿರ ಮಾಡಿಸಿದರು, ಆರ್‌ಸಿಯಲ್ಲಿ ಸೇರಿಸಿದರಾ? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಕ್ಕಾಗಿ ಹೇಳಿತು. ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ದಂಡ ಬೀಳಬಹುದು, ಆರು ತಿಂಗಳವರೆಗಿನ ಜೈಲೂ ಕಾಯ್ದೆಯಲ್ಲಿದೆ. ಹಾಗಂತ ಕ್ಯಾಂಪರ್ ವ್ಯಾನೇ ಕಾನೂನಿಗೆ ವಿರುದ್ಧ ಅಂತಲ್ಲ. ಅದಕ್ಕೆ ಮೋಟಾರ್ ಕ್ಯಾರವಾನ್ ಅನ್ನುವ ಬೇರೆ ವರ್ಗವೇ ಇದೆ, ಎಐಎಸ್ 124 ಅನ್ನುವ ಮಾನದಂಡ ಇದೆ. ಅದರಂತೆ ಒಪ್ಪಿಗೆ ಪಡೆದು ಕಟ್ಟಿದ ಗಾಡಿಯ ಆರ್‌ಸಿಯಲ್ಲಿ ಹಾಗೇ ನಮೂದಾಗಿರುತ್ತದೆ. ಗ್ಯಾರೇಜಿನಲ್ಲಿ ಸೀಟು ಕಿತ್ತು ಮಂಚ ಕೂರಿಸಿದ ಗಾಡಿಯಲ್ಲಿ ಇರುವುದಿಲ್ಲ.

ದಂಡ ದೊಡ್ಡ ವಿಷಯವಲ್ಲ. ವಿಮೆ ದೊಡ್ಡ ವಿಷಯ. ಆರ್‌ಸಿಯಲ್ಲಿ ಹನ್ನೆರಡು ಸೀಟು ಅಂತಿದೆ, ಒಳಗೆ ಹೋಗಿ ನೋಡಿದರೆ ಎರಡು ಮಂಚ, ಸಿಂಕು, ಗ್ಯಾಸ್ ಒಲೆ. ಗಾಡಿ ಸುಟ್ಟಿದೆ. ನಾನು ವರದಿಯಲ್ಲಿ ಕಂಡದ್ದನ್ನೇ ಬರೆಯಬೇಕು. ಬರೆದ ಮೇಲೆ ಕ್ಲೇಮು ತಿರಸ್ಕಾರವಾದರೆ 14 ಲಕ್ಷವೂ ಬೂದಿ. ಇಂಥದ್ದನ್ನು ಬರೆಯುವಾಗ ಮನಸ್ಸಿಗೆ ಕಷ್ಟವಾಗುತ್ತದೆ. ಮುಂದೆ ನಿಂತಿರುವವರು ಒಳ್ಳೆಯವರೇ, ಮೋಸ ಮಾಡಿದವರಲ್ಲ. ಯಾರೂ ಹೇಳಿರುವುದಿಲ್ಲ, ಅಷ್ಟೆ. ಕಾಗದ ಎಲ್ಲ ಸರಿ ಇದ್ದರೂ ಇನ್ನೊಂದಿದೆ. ವಿಮೆಯ ಲೆಕ್ಕದಲ್ಲಿ ಎರಡು ವರ್ಷ ದಾಟಿದ ಗಾಡಿಗೆ 30 ಪರ್ಸೆಂಟ್, ನಾಲ್ಕು ದಾಟಿದರೆ 50 ಪರ್ಸೆಂಟ್ ಸವಕಳಿ ಕಳೆಯುತ್ತೇವೆ. ಐದು ವರ್ಷ ದಾಟಿದ ಮೇಲೆ ಕಂಪನಿಯೂ ನೀವೂ ಮಾತಾಡಿಕೊಂಡು ಬೆಲೆ ಗೊತ್ತುಮಾಡಬೇಕು. ಒಳಗಿನ ಫ್ರಿಜ್ಜು, ಸೋಲಾರ್, ಮಂಚದ ಬೆಲೆಯನ್ನು ಪಾಲಿಸಿಯಲ್ಲಿ ಬೇರೆಯಾಗಿ ಸೇರಿಸಿಲ್ಲ ಅಂದರೆ ಅದಕ್ಕೆ ಬಿಡಿಗಾಸೂ ಬರುವುದಿಲ್ಲ.

ಬಾಡಿಗೆಗೆ ತೆಗೆದುಕೊಳ್ಳುವಾಗಲೂ ಸುಮ್ನೆ ಫೋಟೋ ನೋಡಿ ದುಡ್ಡು ಹಾಕಬೇಡಿ. ನಂಬರ್ ಪ್ಲೇಟ್ ನೋಡಿ. ನೀವೇ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ. ಡ್ರೈವರ್ ಜೊತೆ ಬರುವುದಕ್ಕೆ ಹಳದಿ ಪ್ಲೇಟು. ಬಿಳಿ ಪ್ಲೇಟಿನ ಗಾಡಿ ಬಾಡಿಗೆಗೆ ಕೊಡುತ್ತೇವೆ ಅಂದರೆ ಬೇಡ ಅನ್ನಿ, ಅಪಘಾತವಾದರೆ ವಿಮೆಯ ತಕರಾರು ನಿಮ್ಮ ಕುತ್ತಿಗೆಗೆ ಬರುತ್ತದೆ. ಲೈಸೆನ್ಸ್ ಬಗ್ಗೆ ಚಿಂತೆ ಬೇಡ. ಒಟ್ಟು ತೂಕ 7,500 ಕೆ.ಜಿ. ಒಳಗಿದ್ದರೆ ನಿಮ್ಮನೆಯವರ ಎಲ್‌ಎಂವಿ (ಲಘು ವಾಹನ) ಲೈಸೆನ್ಸೇ ಸಾಕು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಇತ್ಯರ್ಥ ಮಾಡಿದೆ. ಡ್ರೈವರ್ ಸಮೇತ ತೆಗೆದುಕೊಳ್ಳುತ್ತೀರಾದರೆ, ಆತ ರಾತ್ರಿ ಎಲ್ಲಿ ಮಲಗುತ್ತಾನೆ ಅಂತ ಮೊದಲೇ ಕೇಳಿ. ನಾಲ್ಕು ಜನ ಮಲಗುವ ಗಾಡಿಗೆ ನೀವೇ ಐದು ಜನ. ಓಡುವಾಗ ಬೆಲ್ಟ್ ಇರುವ ಸೀಟು ಎಷ್ಟು ಅನ್ನುವುದನ್ನೂ ಎಣಿಸಿ. ಮಂಚದ ಮೇಲೆ ಮಲಗಿಕೊಂಡು ಪ್ರಯಾಣ ಮಾಡುವುದು ಬೇಡವೇ ಬೇಡ. ಅಡ್ಡ ಕೂರುವ ಸೀಟಿದ್ದರೆ ಚಾರ್ಮಾಡಿ ಇಳಿಯುವಷ್ಟರಲ್ಲಿ ಮಕ್ಕಳು ತಿಂದದ್ದೆಲ್ಲ ಹೊರಗೆ.

ಟಾಯ್ಲೆಟ್ ವಿಷಯ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ, ನಾನು ಹೇಳುತ್ತೇನೆ. ಅತ್ತೆಯವರಿಗೆ ಗಾಡಿಯಲ್ಲೇ ಟಾಯ್ಲೆಟ್ ಇರುವುದು ದೊಡ್ಡ ಅನುಕೂಲ. ಕನ್ಯಾಕುಮಾರಿ ಇರಲಿ, ಬೇಲೂರಿಂದ ಬೆಂಗಳೂರಿಗೆ ಹೋಗುವಾಗಲೂ ವಯಸ್ಸಾದ ಹೆಂಗಸರ ಕಷ್ಟ ಅವರಿಗೇ ಗೊತ್ತು. ಆದರೆ ಆ ಡಬ್ಬಿ ದೊಡ್ಡದಲ್ಲ, ಐದು ಜನ ಬಳಸಿದರೆ ಎರಡು ದಿನ ಬಂದರೆ ಜಾಸ್ತಿ. ಖಾಲಿ ಮಾಡಲು ನಮ್ಮಲ್ಲಿ ಅಂಥ ಜಾಗಗಳಿಲ್ಲ. ಯಾವುದಾದರೂ ಲಾಡ್ಜಿನವರನ್ನು ಕೇಳಿ, ಅವರ ಟಾಯ್ಲೆಟ್ಟಿಗೆ ಹೊತ್ತುಕೊಂಡು ಹೋಗಿ ಸುರಿಯಬೇಕು. ಹಳ್ಳಕ್ಕೆ, ಹೊಳೆಗೆ ಬಿಡುವ ಮಾತೇ ಇಲ್ಲ. ಹೇಮಾವತಿ ಹುಟ್ಟುವ ನಾಡಿನವರು ನಾವು, ಕೆಳಗೆ ಆ ನೀರು ಕುಡಿಯುವವರಿದ್ದಾರೆ. ಹೊರುವ ಕೆಲಸ ಯಾರದು ಅನ್ನುವುದನ್ನು ಹೊರಡುವ ಮೊದಲೇ ತೀರ್ಮಾನ ಮಾಡಿಕೊಳ್ಳಿ. ವ್ಯಾನ್ ಬೇಕು ಅಂದವರದೇ ಅಂತ ನನ್ನ ತೀರ್ಪು.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಒಳಗೆ ನುಗ್ಗಿದ್ದೇ ಕಾರಣ ಅಂತ ತನಿಖೆಯಲ್ಲಿ ತಿಳಿಯಿತು. ಆ ಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎಂಜಿನ್ ಆಗಲಿ ಜನರೇಟರ್ ಆಗಲಿ ಓಡಿಸಿಕೊಂಡು ಎಸಿ ಹಾಕಿ ಮಲಗಬೇಡಿ. ಚಳಿ ಅಂತ ಒಳಗೆ ಕೆಂಡವನ್ನೂ ಇಡಬೇಡಿ. ಕೆಮ್ಮಣ್ಣುಗುಂಡಿಯಲ್ಲಿ ಡಿಸೆಂಬರಿನ ರಾತ್ರಿ ಅಂಥ ಯೋಚನೆ ಬಂದೇ ಬರುತ್ತದೆ. ಇನ್ನೊಂದು ಕಂಬಳಿ ಹೊದೆಯಿರಿ, ಕಿಟಕಿ ಒಂದಿಂಚು ತೆರೆದಿರಲಿ. ಮನೆಯ 14.2 ಕೆ.ಜಿ. ಸಿಲಿಂಡರನ್ನು ಗಾಡಿಗೆ ಹತ್ತಿಸಬೇಡಿ. ಅಡುಗೆಯನ್ನು ಹೊರಗೆ ಮಾಡಿದರೆ ಇನ್ನೂ ಒಳ್ಳೆಯದು.

ನಾನಾಗಿದ್ದರೆ ಮಾಡುವುದು ಹೀಗೆ. ಏಪ್ರಿಲ್‌ನಲ್ಲಿ ಆರು ದಿನಕ್ಕೆ ಬಾಡಿಗೆ ಗಾಡಿ, 48,000. ದಸರೆ ರಜೆಗೆ ಇನ್ನೊಮ್ಮೆ, ಬೇರೆ ಥರದ ಗಾಡಿ. ಆಗ ಇನ್ನೂ ಹಿಂಗಾರು ಮಳೆ ಇರುತ್ತದೆ, ಸೋರುವ ಮಾಡು, ಒದ್ದೆ ಬಟ್ಟೆ, ಕೆಸರು ಕಾಲಿನ ಮಕ್ಕಳು, ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಅದೂ ಆದ ಮೇಲೆ ಇಬ್ಬರಿಗೂ ಇನ್ನೂ ಬೇಕು ಅನ್ನಿಸಿದರೆ ಆಗ ಕೊಳ್ಳುವ ಮಾತು. ಮಧ್ಯದ ವಾರಾಂತ್ಯಗಳಿಗೆ ಬೊಲೆರೊ ಇದೆಯಲ್ಲ. ಸೀಟು ಕೀಳದೆ, ವೆಲ್ಡಿಂಗ್ ಮಾಡಿಸದೆ, ಹಿಂದೆ ಇಟ್ಟು ತೆಗೆಯಬಹುದಾದ ಒಂದು ಅಡುಗೆ ಪೆಟ್ಟಿಗೆ, ಒಂದು ಟೆಂಟು, ಪರಿಚಯದವರ ತೋಟದ ಕಣ. ಖರ್ಚು ಕಡಿಮೆ, ಆರ್‌ಸಿಗೂ ತೊಂದರೆ ಇಲ್ಲ. ಅತ್ತೆಯವರಿಗೆ ಆ ತೋಟದ ಮನೆಯಲ್ಲೇ ಮಂಚ ಸಿಗುತ್ತದೆ.

ಭಾನುವಾರದ ಅಡ್ವಾನ್ಸಿಗೆ ಬರೋಣ. ಕೊಡಬೇಡಿ. ಆದರೆ ನಿಮ್ಮನೆಯವರಿಗೆ ಬೇಸರವಾಗುತ್ತದೆ, ಹಾಗಾಗಿ ಸುಮ್ನೆ ಬೇಡ ಅನ್ನುವ ಬದಲು ಮಾರುವವರಿಂದ ಆರ್‌ಸಿಯ ಫೋಟೋ ತರಿಸಿಕೊಳ್ಳಲಿ. ಗಾಡಿ ನಂಬರ್ ಹಾಕಿ ಸರ್ಕಾರದ ಎಂಪರಿವಾಹನ್ (mParivahan) ಆಪ್‌ನಲ್ಲಿ ನೋಡಲಿ. ವರ್ಗ ಏನಂತಿದೆ, ಸೀಟು ಎಷ್ಟಿದೆ, ಸಾಲ ತೀರಿದೆಯಾ, ವಿಮೆ ಜೀವಂತ ಇದೆಯಾ. ಹಿಂದೆ ಹಳದಿ ಪ್ಲೇಟಿನದಾಗಿದ್ದರೆ ಪರ್ಮಿಟ್ ಒಪ್ಪಿಸಿ, ತೆರಿಗೆ ತೀರಿಸಿ, ಖಾಸಗಿಗೆ ಬದಲಿಸಿದ ದಾಖಲೆ ಕೇಳಲಿ. ಬಾಡಿ ಯಾರು ಕಟ್ಟಿದ್ದು, ಒಪ್ಪಿಗೆ ಪತ್ರ ಎಲ್ಲಿ ಅಂತಲೂ ಕೇಳಲಿ. ಎಲ್ಲ ಸರಿಯಿದ್ದು ಆರ್‌ಸಿಯಲ್ಲೇ ಮೋಟಾರ್ ಕ್ಯಾರವಾನ್ ಅಂತ ಬರೆದಿದ್ದರೆ ನನಗೆ ಮತ್ತೆ ಬರೆಯಿರಿ, ಬೆಲೆಯ ಬಗ್ಗೆ ಮಾತಾಡೋಣ. 14 ಯಾಕೋ ಜಾಸ್ತಿ ಆಯಿತು ಅಂತಲೇ ನನಗೆ ಕಾಣುತ್ತಿದೆ. ಮತ್ತೆ, ಬೆಂಗಳೂರಿಗೆ ಹೋಗಿ ಗಾಡಿ ನೋಡುವ ದಿನ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅದರ ಮೆಟ್ಟಿಲು ಹತ್ತಿ ಇಳಿಯಲಿ, ಎರಡು ಸಲ.